ಬೆನ್ನ ಹಿಂದಿನ ಗಾಳಿ

ಲಾರ್ಡ್ ಆಸ್ಬರ್ಟ್ ಮಾರ್ಡೆಲ್ ಒಳಗೆ ಬಂದಾಗ ಡಾಗೆಟ್ ಕುರ್ಚಿಯಿಂದ ಏಳಲಿಲ್ಲ. ಬ್ಯಾಂಕಿನ ಯಜಮಾನಿಕೆ ಕೈಬಿಟ್ಟದ್ದಕ್ಕಿಂತ, ಪಾರ್ಲಿಮೆಂಟಿನ ಸೀಟು ಕೈಬಿಡಲಿದ್ದುದಕ್ಕಿಂತ, ಅವನನ್ನು ಹೆಚ್ಚು ಚುಚ್ಚಿದ್ದು ಅದು. ಆ ಕುರ್ಚಿ ಅವನ ತಾತನದು. ಈ ಎಫ್ರಾಯಿಮ್ ಡಾಗೆಟ್ ಹತ್ತೊಂಬತ್ತು ವರ್ಷ ಅದರ ಪಕ್ಕದಲ್ಲಿ ನಿಂತು ಅವನಿಗೆ ಲೇಖನಿ ಅದ್ದಿಕೊಟ್ಟ ಗುಮಾಸ್ತ.

"ಕೂತ್ಕೊಳ್ಳಿ ದೊರೆ," ಎಂದ ಡಾಗೆಟ್. "ಪಾಲುದಾರರೆಲ್ಲ ಒಂದೇ ಮಾತು ಹೇಳ್ತಿದ್ದಾರೆ. ನೀವಿನ್ನು ವಿಶ್ರಾಂತಿ ತಗೋಬೇಕಂತೆ. ನಿಮ್ಮ ರೈಲ್ವೆ ವ್ಯವಹಾರದಲ್ಲಿ ಬ್ಯಾಂಕು ಮುಳುಗದೆ ಉಳಿದಿದ್ದೇ ಹೆಚ್ಚು."

"ಇದು ನನ್ನ ತಾತನ ಕುರ್ಚಿ."

"ಹೌದು ದೊರೆ. ಒಂದು ಕಾಲು ಅಲುಗಾಡತ್ತೆ. ರಿಪೇರಿ ಮಾಡಿಸ್ತೀನಿ."

"ಥಾರ್ಲೆಬರಿ ಕ್ಷೇತ್ರಾನೂ ರಿಪೇರಿ ಮಾಡಿಸ್ತೀಯೇನು?"

"ಪಕ್ಷದವರು ನಿಲ್ತೀಯಾ ಅಂತ ಕೇಳಿದ್ರು. ಹೂಂ ಅಂದೆ."

ಲಾರ್ಡ್ ಆಸ್ಬರ್ಟ್ ಹೊರಬಿದ್ದ. ಬೆನ್ನ ಹಿಂದೆ ಬಾಗಿಲು ಎಂದಿನಂತೆ ಮೆತ್ತಗೆ ಮುಚ್ಚಿಕೊಂಡಿತು. ಗಾಡಿಯ ಬಾಗಿಲು ಮುಚ್ಚಿಕೊಂಡಿತು, ಮನೆಯ ಬಾಗಿಲು ಮುಚ್ಚಿಕೊಂಡಿತು, ಓದುವ ಕೋಣೆಯ ಬಾಗಿಲೂ ಮುಚ್ಚಿಕೊಂಡಿತು. ಅಷ್ಟರೊಳಗೆ ಡಾಗೆಟ್ ಸಾಯಬೇಕೆಂಬುದು ಅವನ ಮನಸ್ಸಿನಲ್ಲಿ ನಿಶ್ಚಯವಾಗಿತ್ತು.

ಅದರಲ್ಲಿ ಲೆಕ್ಕಾಚಾರವೂ ಇತ್ತು. ಚುನಾವಣೆ ಹತ್ತಿರದಲ್ಲಿತ್ತು, ಡಾಗೆಟ್ ಇಲ್ಲದಿದ್ದರೆ ಪಕ್ಷಕ್ಕೆ ತನ್ನನ್ನು ಬಿಟ್ಟು ಬೇರೆ ಗತಿಯಿರಲಿಲ್ಲ. ಪಾಲುದಾರರು ಪುಕ್ಕಲರು, ಟೋಪಿ ಕೈಯಲ್ಲಿ ಹಿಡಿದು ತಾವಾಗಿ ಬಂದು ಕರೆಯುತ್ತಾರೆ. ಆದರೆ ಇದೆಲ್ಲ ತನಗೆ ತಾನು ಹೇಳಿಕೊಳ್ಳುವ ನೆಪವೆಂದು ಅವನಿಗೆ ಗೊತ್ತಿತ್ತು. ಒಂದು ಕಾಸಿನ ಲಾಭವಿಲ್ಲದಿದ್ದರೂ ಆ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂರಲು ಅವನು ಬಿಡುತ್ತಿರಲಿಲ್ಲ.

ದಾರಿಯನ್ನು ಡಾಗೆಟ್ಟೇ ತೋರಿಸಿಕೊಟ್ಟಿದ್ದ. ಗುಮಾಸ್ತರ ಸುಖದುಃಖ ಕೇಳುವುದು ದೊಡ್ಡ ಮನೆತನದವರ ಲಕ್ಷಣವೆಂದು ಲಾರ್ಡ್ ಆಸ್ಬರ್ಟ್ ನಂಬಿದ್ದರಿಂದ ಡಾಗೆಟ್‌ನ ದಿನಚರಿಯೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಡಾಗೆಟ್ ಬ್ಯಾಂಕಿನ ಮಹಡಿಯ ಕೋಣೆಯಲ್ಲೇ ವಾಸ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ತಣ್ಣಗಿನ ಕುರಿಮಾಂಸ ತಿಂದು, ಕೆನ್ನೆಯ ನರನೋವಿಗೆ ಅಫೀಮಿನ ಹನಿಮದ್ದು ಕುಡಿದು ಸೋಫಾದ ಮೇಲೆ ಉರುಳಿದರೆ ಸಂಜೆಯ ಗಂಟೆಯವರೆಗೆ ಲೋಕ ಮುಳುಗಿದರೂ ಎಚ್ಚರವಿಲ್ಲ. ಚಳಿಗೆ ಹೆದರಿ ಕಿಟಕಿಯ ಸಂದಿಗಳಿಗೆಲ್ಲ ಬಟ್ಟೆ ತುರುಕಿಸಿದ್ದ. ಮಂಜಿನ ಕಾಲದಲ್ಲಿ ಹಗಲಲ್ಲೂ ತಲೆಯ ಮೇಲೆ ಗ್ಯಾಸಿನ ದೀಪ ಉರಿಯುತ್ತಿತ್ತು. ಕಾವಲುಗಾರನನ್ನು ಸಹ ದೇವರ ದಿನವೆಂದು ಮನೆಗೆ ಕಳಿಸುತ್ತಿದ್ದ ಪುಣ್ಯಾತ್ಮ.

ದೀಪ ಆರಿಸಿ, ಗ್ಯಾಸಿನ ತಿರುಪನ್ನು ಮತ್ತೆ ಪೂರ್ತಿ ತೆರೆದರೆ ಮುಗಿಯಿತು. ಲಂಡನ್ನಿನಲ್ಲಿ ಗ್ಯಾಸಿನ ಒತ್ತಡ ಕುಸಿದು ದೀಪ ತಾನಾಗಿ ಆರುವುದು, ಮತ್ತೆ ಹರಿದ ಗ್ಯಾಸು ಕೋಣೆ ತುಂಬಿ ಮಲಗಿದವರು ಮಲಗಿದಲ್ಲೇ ಉಳಿಯುವುದು ಹೊಸ ಸಂಗತಿಯಾಗಿರಲಿಲ್ಲ.

ತೊಡಕು ಒಂದೇ. ಐವತ್ತೆಂಟು ವರ್ಷದ ಬಾಳಿನಲ್ಲಿ ಲಾರ್ಡ್ ಆಸ್ಬರ್ಟ್ ಒಂದು ದೀಪವನ್ನೂ ಕೈಯಾರೆ ಮುಟ್ಟಿರಲಿಲ್ಲ. ಇದನ್ನು ಅವನು ನಾಚಿಕೆಯಿಲ್ಲದೆ ಒಪ್ಪಿಕೊಂಡ, ಶಾಲೆಯ ಹುಡುಗನಂತೆ ಕಲಿಯಲು ಕೂತ. ಬೀಗದಲ್ಲಿ ಕೀಲಿ ತಿರುಗಿಸಿ ಬಾಗಿಲು ತೆರೆಯುವುದನ್ನು ತನ್ನ ಮನೆಯಲ್ಲೇ ಅಭ್ಯಾಸ ಮಾಡಿದ. ತಾನೇ ಕೋಟಿನ ಗುಂಡಿ ಹಾಕಿಕೊಂಡ. ಒಂದು ಮಧ್ಯಾಹ್ನ ಅವನು ಕುರ್ಚಿ ಹತ್ತಿ ದೀಪದ ತಿರುಪು ತಿರುಗಿಸುತ್ತಿದ್ದಾಗ ಖಾಸಾ ಸೇವಕ ಪಿಮ್ ಒಳಗೆ ಬಂದು ಬೆಚ್ಚಿಬಿದ್ದ.

"ಅಯ್ಯೋ ದೊರೆ! ಗಂಟೆ ಬಾರಿಸಿದ್ರೆ ನಾನು ಬರ್ತಿರಲಿಲ್ವಾ? ಬಿದ್ದು ಸೊಂಟ ಮುರ್ಕೊಂಡ್ರೆ?"

"ಕಲೀತಿದ್ದೀನಿ ಪಿಮ್."

"ಇದನ್ನಾ? ಈ ವಯಸ್ಸಲ್ಲಾ? ನಾಳೆ ಬೂಟಿಗೆ ಪಾಲಿಷ್ ಹಾಕೋದೂ ಕಲಿತುಬಿಟ್ರೆ ನನ್ನ ಅನ್ನಕ್ಕೇ ಕಲ್ಲು," ಎಂದು ಗೊಣಗುತ್ತ ಪಿಮ್ ಹೊರಗೆ ಹೋಗಿ ಬಾಗಿಲೆಳೆದುಕೊಂಡ.

ಕೆಲಸಗಾರರ ಕೈಗಳು ದಿನವಿಡೀ ಏನೇನು ಮಾಡುತ್ತವೆಂದು ಲಾರ್ಡ್ ಆಸ್ಬರ್ಟ್ ಮೊದಲ ಬಾರಿ ಗಮನಿಸಿ ನೋಡಿದ. ಎಲ್ಲವೂ ತನಗೆ ಬರುತ್ತದೆ ಎಂದು ತೃಪ್ತನಾದ.

ತಾನು ಅಲ್ಲಿರಲಿಲ್ಲ ಎನ್ನಲು ಕ್ಲಬ್ಬೇ ಸಾಕ್ಷಿ. ಭಾನುವಾರ ಊಟವಾದ ಮೇಲೆ ಓದುವ ಕೋಣೆಯ ದೊಡ್ಡ ಕುರ್ಚಿಗಳಲ್ಲಿ ಮುಖದ ಮೇಲೆ ಪತ್ರಿಕೆ ಹೊದ್ದು ಮಲಗಿದವರನ್ನು ಯಾರೂ ಎಣಿಸುವುದಿಲ್ಲ, ಎಬ್ಬಿಸುವುದಂತೂ ಇಲ್ಲವೇ ಇಲ್ಲ. ಅವನ ರೇಷ್ಮೆ ಟೋಪಿ, ಬೆತ್ತ ಬಾಗಿಲ ಬಳಿ ತೂಗುತ್ತಿದ್ದರೆ ಸಾಕು. ಟೋಪಿಯಿಲ್ಲದೆ ಲಾರ್ಡ್ ಆಸ್ಬರ್ಟ್ ಬೀದಿಗಿಳಿದನೆಂದರೆ ಲಂಡನ್ನಿನಲ್ಲಿ ಯಾರೂ ನಂಬರು. ಜೇಬಿನಲ್ಲಿ ಕುದುರೆ ಲಾಯದವರ ಬಟ್ಟೆಯ ಟೊಪ್ಪಿಗೆಯೊಂದನ್ನು ಮಡಚಿಟ್ಟುಕೊಂಡ.

ಎಲ್ಲವೂ ಅಂದುಕೊಂಡಂತೆ ನಡೆಯಿತು. ಕ್ಲಬ್ಬಿನ ತೋಟದ ಬಾಗಿಲಿಂದ ಉದ್ಯಾನಕ್ಕಿಳಿದು, ಮಂಜಿನೊಳಗೆ ಸೇರಿಕೊಂಡು, ಜನರಿಲ್ಲದ ಬ್ಯಾಂಕಿನ ಬೀದಿಗಳನ್ನು ದಾಟಿದ. ಓಣಿಯ ಕಡೆಯ ಬಾಗಿಲಿನಲ್ಲಿ, ಅವನ ಬಳಿಯೇ ಉಳಿದಿದ್ದ ಹಳೆಯ ಕೀಲಿ ಸರಾಗವಾಗಿ ತಿರುಗಿತು. ಮೆಟ್ಟಿಲು ಹತ್ತಿ ಕೋಣೆಯ ಹಿಡಿ ತಿರುಗಿಸಿದ. ಡಾಗೆಟ್ ಬಾಯಿ ತೆರೆದು ಮಲಗಿದ್ದ, ಗಲ್ಲದ ಮೇಲೆ ರೊಟ್ಟಿಯ ಚೂರು. 'ತಾತನ ಕುರ್ಚಿಯಲ್ಲಿ ಕೂರುವ ಮೋರೆ ಇದು' ಎಂದುಕೊಂಡು ಲಾರ್ಡ್ ಆಸ್ಬರ್ಟ್ ಕೈ ಎತ್ತಿದ. ಜ್ವಾಲೆ ಮುದುಡಿ ಆರಿತು. ತಿರುಪು ಮತ್ತೆ ಪೂರ್ತಿ ತೆರೆದುಕೊಂಡಿತು. ಸಣ್ಣಗೆ ಬುಸುಗುಟ್ಟಿದ್ದನ್ನು ಕೇಳಿ ಖಾತ್ರಿ ಮಾಡಿಕೊಂಡು, ಅವಸರವಿಲ್ಲದೆ ಮೆಟ್ಟಿಲಿಳಿದು ಓಣಿಗೆ ಬಂದ. ಒಬ್ಬ ನರಪಿಳ್ಳೆಯೂ ಅವನನ್ನು ನೋಡಲಿಲ್ಲ.

ಕ್ಲಬ್ಬಿನಲ್ಲಿ ಅವನು ಪತ್ರಿಕೆಯಡಿ ಕಣ್ಣು ಮುಚ್ಚುವಷ್ಟರಲ್ಲಿ ಮುದಿ ಅಡ್ಮಿರಲ್ ಕ್ರೂ ರೇಗುತ್ತ ಎದ್ದ.

"ಯಾವನೋ ಅದು ತೋಟದ ಬಾಗಿಲು ಹಾರುಹೊಡೆದು ಹೋದೋನು? ನನ್ನ ಮಂಡಿ ಎರಡೂ ಹೆಪ್ಪುಗಟ್ಟಿ ಕಲ್ಲಾಗಿದೆ! ಏನಯ್ಯಾ ಮಾರ್ಡೆಲ್, ನಿನಗೆ ಚಳಿ ಆಗಲ್ವೇನು?"

"ಈಗಿನ ಕಾಲದ ಆಳುಗಳು, ಅಡ್ಮಿರಲ್. ಹೇಳಿ ಪ್ರಯೋಜನವಿಲ್ಲ," ಎಂದು ಲಾರ್ಡ್ ಆಸ್ಬರ್ಟ್ ಆಕಳಿಸಿದ. ತಾನು ಇಲ್ಲೇ ಇದ್ದುದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟ.

ಸೋಮವಾರ ಬೆಳಿಗ್ಗೆ ಪಿಮ್‌ನಿಂದ ಸಾವಿನ ಮನೆಗೆ ಹಾಕುವ ಕಪ್ಪು ಕೈಗವಸು ಹಾಕಿಸಿಕೊಂಡು ಬ್ಯಾಂಕಿಗೆ ಹೊರಟ. ಸುದ್ದಿ ಕೇಳಿದಾಗ ಎಷ್ಟು ಹೊತ್ತು ತಲೆ ತಗ್ಗಿಸಿರಬೇಕೆಂದು ದಾರಿಯಲ್ಲೇ ಯೋಚಿಸಿದ್ದ. ಗುಮಾಸ್ತರು ತಲೆಯೆತ್ತದೆ ಬರೆಯುತ್ತಿದ್ದರು, ಬಾಗಿಲು ತೆರೆಯಲು ಯಾರೂ ಓಡಿಬರಲಿಲ್ಲ. ಪರವಾಗಿಲ್ಲ, ಈಗ ಅವನಿಗೇ ಬರುತ್ತಿತ್ತಲ್ಲ. ಯಜಮಾನರ ಕೋಣೆಯ ಬಾಗಿಲನ್ನು ತಾನೇ ತೆರೆದು ಒಳಗೆ ನಡೆದ.

ಕುರ್ಚಿಯಲ್ಲಿ ಡಾಗೆಟ್ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು, ಆದರೆ ಉಸಿರಾಡುತ್ತಿದ್ದ. ಕಿಟಕಿಯ ಬಳಿ ಟೋಪಿ ಕೈಯಲ್ಲಿ ಹಿಡಿದ ಪೊಲೀಸ್ ಇನ್‌ಸ್ಪೆಕ್ಟರ್ ನಿಂತಿದ್ದ.

"ಬನ್ನಿ ದೊರೆ. ಕಪ್ಪು ಕೈಗವಸು ಯಾರಿಗೋಸ್ಕರ?" ಎಂದ ಡಾಗೆಟ್. "ನಿನ್ನೆ ತಲೆ ಸಿಡೀತಾ ಎಚ್ಚರ ಆಯ್ತು. ದೀಪ ಆರಿತ್ತು, ತಿರುಪು ಪೂರ್ತಿ ತೆರೆದಿತ್ತು. ಆದ್ರೂ ಸಾಯಲಿಲ್ಲ. ಯಾರ ಮೇಲೆ ಅನುಮಾನ ಅಂತ ಇವರು ಕೇಳಿದ್ರು. ನನ್ನ ಬಾಯಲ್ಲಿ ಹೇಳಲ್ಲ, ಬೆಳಿಗ್ಗೆ ಬನ್ನಿ, ನೀವೇ ನೋಡೋರಂತೆ ಅಂದೆ."

"ಏನನ್ನ ನೋಡೋದು?"

ಡಾಗೆಟ್ ಅವನ ಭುಜದಾಚೆಗೆ ದೃಷ್ಟಿ ಹಾಯಿಸಿದ. ಇನ್‌ಸ್ಪೆಕ್ಟರನೂ ಅತ್ತಲೇ ನೋಡಿದ. ಮೇಜಿನ ಮೇಲಿನ ಕಾಗದಗಳು ಪಟಪಟನೆ ಹಾರತೊಡಗಿದವು.

ಲಾರ್ಡ್ ಆಸ್ಬರ್ಟ್‌ನ ಬೆನ್ನಿಗೆ ಚಳಿ ಬಡಿಯಿತು. ಅವನು ನಿಧಾನವಾಗಿ ತಿರುಗಿ ನೋಡಿದ. "ಹತ್ತೊಂಬತ್ತು ವರ್ಷ ನಿಮ್ಮ ಹಿಂದೆ ಎದ್ದು ಬಂದು ಮುಚ್ಚಿದೋನು ನಾನು, ದೊರೆ," ಎಂದ ಡಾಗೆಟ್, ಬಹುತೇಕ ಮರುಕದಿಂದ. "ನಿನ್ನೆ ನಿದ್ದೆ ಹತ್ತಿಬಿಟ್ಟಿತ್ತು. ನನ್ನ ಕೋಣೇದು, ಕೆಳಗೆ ಓಣೀದು, ಎರಡೂ ಹಾರುಹೊಡೆದಿತ್ತು. ಗ್ಯಾಸೆಲ್ಲ ಮೆಟ್ಟಿಲಿಳಿದು ಬೀದಿಗೆ ಹೋಯ್ತು." ಇನ್‌ಸ್ಪೆಕ್ಟರ್ ಮೆಲ್ಲಗೆ ನಡೆದು ಬಂದು, ಲಾರ್ಡ್ ಆಸ್ಬರ್ಟ್ ತನ್ನ ಕೈಯಾರೆ ತೆರೆದು ಹಾಗೇ ಬಿಟ್ಟು ಬಂದಿದ್ದ ಬಾಗಿಲನ್ನು ಒಳಗಿನಿಂದ ಮುಚ್ಚಿದ.