ಆ ಫೈಲು ನನಗೆ ಬೇಡ

"ಏ, ಕಣ್ಣು ಕಾಣುವುದಿಲ್ವಾ?"

ಕಲ್ಯಾಣ ಕೋರ್ಟಿನ ಇಕ್ಕಟ್ಟು ವರಾಂಡದಲ್ಲಿ ಕೌಶಲ್‌ನ ಕೈಯ ಕಾಗದಗಳೆಲ್ಲ ಚೆಲ್ಲಾಪಿಲ್ಲಿ! ಡಿಕ್ಕಿ ಹೊಡೆದ ಹುಡುಗಿ ಬಗ್ಗಿ ಆರಿಸಿಕೊಡಲಿಲ್ಲ, ನೆಟ್ಟಗೆ ನಿಂತಳು.

"ಕಾಣ್ತದೆ. ಹಿಂದೆ ನೋಡಿಕೊಂಡು ಮುಂದೆ ನಡೆದದ್ದು ನೀವು!"

'ಎಂಥಾ ಬಾಯಿ ಇದರದ್ದು!' ಎಂದು ಅವನು ತುಳುವಿನಲ್ಲಿ ಗೊಣಗಿದ. ಅವಳು ತುಳುವಿನಲ್ಲೇ ತಿರುಗಿಸಿ ಕೊಟ್ಟಾಗ ಅವನ ಕಿವಿ ಕೆಂಪಾಯಿತು. ಮರುಕ್ಷಣ ಇಬ್ಬರೂ ನೆಲಕ್ಕೆ ಕುಕ್ಕರಿಸಿ ಕಾಗದ ಹೆಕ್ಕುತ್ತ ನಗುತ್ತಿದ್ದರು.

ಎರಡು ಸಾವಿರದ ಹನ್ನೆರಡರ ಮಾತು ಇದು. ಹುಡುಗಿಯ ಹೆಸರು ನಿಕಿತಾ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವಳ ಅಪ್ಪನದ್ದು ಇಡ್ಲಿ-ವಡೆಯ ಸಣ್ಣ ಹೋಟೆಲು. ಆಗಷ್ಟೇ ವಕೀಲಿ ಓದು ಮುಗಿಸಿದ್ದಳು. ಕೌಶಲ್ ಅವಳಿಗಿಂತ ತುಸು ಮೊದಲೇ ಕರಿಕೋಟು ಹಾಕಿದವನು.

ಅದೇ ವರ್ಷ ನಿಕಿತಾಳಿಗೆ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಹತ್ತಿರ ಲಾ ಕ್ಲರ್ಕ್ ಕೆಲಸ ಸಿಕ್ಕಿತು. ವರ್ಷದ ಮಟ್ಟಿಗೆ.

"ಎಲ್‌ಎಲ್‌ಬಿ ಮಾಡಿ ಕ್ಲರ್ಕಾ? ಅದಕ್ಕೆ ಮೆಟ್ರಿಕ್ ಸಾಕಿತ್ತಲ್ಲ ಮಗಾ!" ಎಂದು ಅಪ್ಪನ ಅಕ್ಕ, ಅಕ್ಕು ಅತ್ತೆ, ಗಲ್ಲಕ್ಕೆ ಕೈ ಇಟ್ಟರು.

ಕ್ಲರ್ಕೆಂದರೆ ಅಂಥದ್ದಲ್ಲ. ನ್ಯಾಯಮೂರ್ತಿಗಳಿಗಾಗಿ ಫೈಲು ಓದಿ ಸಾರ ಬರೆಯಬೇಕು, ಹಳೆಯ ತೀರ್ಪು ಹುಡುಕಬೇಕು. ಮುಖ್ಯವಾಗಿ, ಅಲ್ಲಿ ಕೇಳಿದ್ದನ್ನು ಹೊರಗೆ ಆಡದೆ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು.

ಸಂಜೆ ಲೋಕಲ್ ರೈಲಿನಿಂದ ಇಳಿದವಳಿಗಾಗಿ ಕೌಶಲ್ ಡೊಂಬಿವಲಿಯ ಸೇತುವೆಯ ಮೇಲೆ ಕಾಯುತ್ತಿದ್ದ. ಆಗಿನ ಸೇತುವೆ ಈಗಿನಷ್ಟು ಅಗಲವಿರಲಿಲ್ಲ. ಜನ ನೂಕುವಾಗ ಇಬ್ಬರ ಭುಜ ತಾಗುತ್ತಿತ್ತು, ಇಬ್ಬರೂ ಸರಿದುಕೊಳ್ಳುತ್ತಿರಲಿಲ್ಲ.

"ನಿನ್ನ ವರ್ಷ ಮುಗೀಲಿ. ಕಲ್ಯಾಣದಲ್ಲಿ ಒಟ್ಟಿಗೆ ಆಫೀಸು ಮಾಡುವ. ಬೋರ್ಡಲ್ಲಿ ನಿನ್ನ ಹೆಸರು ಮೇಲೆ, ನನ್ನದು ಕೆಳಗೆ. ಆಗಬಹುದಾ?"

"ಅಕ್ಷರ ಒಂದೇ ಸೈಜಾ?"

"ನಿನ್ನದೇ ದೊಡ್ಡದು ಮಾರಾಯ್ತಿ!"

ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

ಆ ದಿನಗಳಲ್ಲಿ ಕೌಶಲ್‌ನ ತಲೆ ತುಂಬ ಒಂದೇ ಕೇಸು. ಡೊಂಬಿವಲಿಯ ಹತ್ತಿರದ ದಿವಾದ ಚಂದ್ರಬಾಯಿ ಮನೆಗೆಲಸ ಮಾಡಿ ಕೂಡಿಟ್ಟದ್ದರಲ್ಲಿ ಒಂದೇ ಕೋಣೆಯ ಖೋಲಿ ಕೊಂಡಿದ್ದಳು. ಕಟ್ಟಡಕ್ಕೆ ಪರವಾನಗಿಯೇ ಇರಲಿಲ್ಲ. ಬಿಲ್ಡರ್ ಮಾಯ. ಕೆಡವಲು ನೋಟಿಸು ಬಂದಿತ್ತು.

"ಪಾಪದ ಹೆಂಗಸು ನಿಕಿತಾ... ಕೋರ್ಟಿಗೆ ಕನಿಕರ ಬೇಡವಾ?"

"ಕನಿಕರದಿಂದ ಗೋಡೆ ಗಟ್ಟಿಯಾಗುವುದಿಲ್ಲ ಕೌಶಲ್" ಎಂದುಬಿಟ್ಟಿದ್ದಳು ಅವಳು, ಸೇತುವೆಯ ಮೇಲೆ, ಯೋಚಿಸದೆ.

ಆಗ ಕೇಸು ಠಾಣೆ ಜಿಲ್ಲಾ ಕೋರ್ಟಿನಲ್ಲಿತ್ತು. ಅಲ್ಲಿ ಸೋತು ಹೈಕೋರ್ಟಿಗೆ ಹೋಯಿತು. ಹೋದದ್ದು ನಿಕಿತಾಳ ನ್ಯಾಯಮೂರ್ತಿಗಳ ಮುಂದೆಯೇ! ಅಲ್ಲೂ ಸೋತಿತು. ಕಟ್ಟಡ ನೆಲಕ್ಕೆ ಬಿತ್ತು.

ತೀರ್ಪಿನ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಅದೇ ಮಾತು ಇತ್ತು. ಕನಿಕರದಿಂದ ಗೋಡೆ ಗಟ್ಟಿಯಾಗುವುದಿಲ್ಲ.

ಕಟ್ಟಡ ಕೆಡವಿದ ದಿನ ಸಂಜೆ ಸೇತುವೆಯ ಮೇಲೆ ಕಾಯುತ್ತಿದ್ದ ಕೌಶಲ್‌ನ ಮುಖದಲ್ಲಿ ನಗುವಿರಲಿಲ್ಲ.

"ನೀನೇ ಬರೆದದ್ದು!"

"ಎಂತ?"

"ನಾಟಕ ಬೇಡ. ನಿನ್ನ ಮಾತು, ಅಕ್ಷರಕ್ಕೆ ಅಕ್ಷರ! ನಾನು ನಂಬಿ ಹೇಳಿದ್ದನ್ನೆಲ್ಲ ಕೇಳಿಕೊಂಡು ಒಳಗೆ ಕೂತು ಕತ್ತು ಕೊಯ್ದೆಯಲ್ಲ... ಚಂದ್ರಬಾಯಿ ಪಾತ್ರೆಪಡಗ ರಸ್ತೆಯಲ್ಲಿಟ್ಟುಕೊಂಡು ಕೂತಿದ್ದಾಳೆ, ಹೋಗಿ ನೋಡು!"

"ನನ್ನ ಹತ್ತಿರ ಕೇಳುವುದು ಏನೂ ಇಲ್ವಾ ನಿನಗೆ?"

"ಕೇಳಲಿಕ್ಕೆ ಎಂತ ಉಂಟು?"

ನಿಕಿತಾ ಒಂದು ಮಾತು ಹೇಳಿದ್ದರೆ ಸಾಕಿತ್ತು... 'ಕೇಳದೆಯೇ ಶಿಕ್ಷೆ ಕೊಟ್ಟವನಿಗೆ ನಾನ್ಯಾಕೆ ಹೇಳಲಿ?' ಅವಳು ಮೆಟ್ಟಿಲಿಳಿದು ಹೋದಳು. ಅವನು ಕರೆಯಲಿಲ್ಲ.

ಮಳೆಗಾಲ ಕಳೆಯಿತು. ಅವಳ ವರ್ಷವೂ ಮುಗಿಯುತ್ತ ಬಂತು. ಒಂದು ದಿನ ನ್ಯಾಯಮೂರ್ತಿ ಮೇಡಂ ಒಳಗೆ ಕರೆದರು.

"ದಿಲ್ಲಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಕ್ಲರ್ಕ್ ಬೇಕಂತೆ. ನಿನ್ನ ಹೆಸರು ಕೊಡಲೇ? ಆದರೆ ಯೋಚಿಸು. ಇನ್ನೊಂದು ವರ್ಷ ಹಿಂದಿನ ಕುರ್ಚಿಯಲ್ಲೇ ಕೂರಬೇಕು. ನಿನ್ನ ಜೊತೆಯವರು ಅಷ್ಟರಲ್ಲಿ ಕೋರ್ಟಿನಲ್ಲಿ ನಿಂತು ವಾದ ಮಾಡುತ್ತಿರುತ್ತಾರೆ."

"ಕೊಡಿ ಮೇಡಂ."

"ಸಿಟ್ಟಿನಲ್ಲಿ ಹೇಳ್ತಿದ್ದೀಯಾ?"

ನಿಕಿತಾ ಮೇಜಿನ ಮೇಲಿನ ಫೈಲುಗಳನ್ನು ಜೋಡಿಸತೊಡಗಿದಳು. ಯೋಚಿಸಲು ಮೇಡಂ ಒಂದು ವಾರ ಟೈಮು ಕೊಟ್ಟರು.

ಮನೆಯಲ್ಲಿ ಅಮ್ಮ ಜಯಲತಾ ಬಡಿಸುತ್ತ ಮೆಲ್ಲಗೆ ಕೇಳಿದಳು, "ದಿಲ್ಲಿಗೆ ಹೋದರೆ... ಆ ಕಲ್ಯಾಣದ ಹುಡುಗ?"

"ಯಾವ ಹುಡುಗ?"

ಅಮ್ಮ ಇನ್ನೊಂದು ಸೌಟು ಸಾರು ಹಾಕಿದಳು. ಮಗಳು ಅನ್ನ ಕಲಸುತ್ತಲೇ ಇದ್ದಳು, ಉಣ್ಣಲಿಲ್ಲ.

ಹೋಗಬೇಕೋ? ಅವನಿಂದ ದೂರವಾಗಲು ಹೋಗುವುದಾದರೆ ಅದು ಕಲಿಯಲು ಹೋದಂತಾಯಿತೇ?

ವಾರ ಮುಗಿಯುವ ಮೊದಲೇ ಕೌಶಲ್‌ನ ಫೋನು ಬಂತು.

"ಒಮ್ಮೆ ಸಿಗ್ತೀಯಾ?"

"ದಿವಾಕ್ಕೆ ಬಾ" ಎಂದಳು. "ಹೋಗಿ ನೋಡು ಅಂದಿದ್ದೆಯಲ್ಲ."

ಕಟ್ಟಡವಿದ್ದ ಜಾಗದಲ್ಲಿ ಮುರಿದ ಕಾಂಕ್ರೀಟು, ಸಂದಿಯಲ್ಲಿ ಹುಲ್ಲು. ಒಂದು ಗೋಡೆಯ ಚೂರಿನಲ್ಲಿ ಯಾರದೋ ದೇವರಗೂಡಿನ ನೀಲಿ ಬಣ್ಣ ಹಾಗೇ ಉಳಿದಿತ್ತು. ಚಂದ್ರಬಾಯಿ ಅಂಬರನಾಥದಲ್ಲಿರುವ ತಂಗಿಯ ಮನೆಯ ಮೂಲೆ ಸೇರಿದ್ದಳು.

ಕೌಶಲ್ ತಲೆ ಎತ್ತಲಿಲ್ಲ.

"ಮೊನ್ನೆ ಬೇರೆ ಕೇಸಿಗೆ ನಿಮ್ಮ ಮೇಡಂ ಎದುರು ನಿಂತಿದ್ದೆ. ನೀನು ರಜೆಯಲ್ಲಿದ್ದಿ. ಅವರು ಎದುರಿನ ವಕೀಲರಿಗೆ ಅದೇ ಮಾತು ಹೇಳಿದರು... ಕನಿಕರ, ಗೋಡೆ. ಪಕ್ಕದವರು ನಕ್ಕು, ಇದು ಇವರ ಹಳೇ ಪಲ್ಲವಿ ಅಂದರು. ನನಗೆ ಕಾಲಡಿಯ ನೆಲ ಜಾರಿದ ಹಾಗಾಯ್ತು."

"ಅವರದ್ದೇ ಮಾತು. ದಿನವಿಡೀ ಅವರ ಹತ್ತಿರ ಕೂತು ನನ್ನ ಬಾಯಿಗೂ ಬಂದಿತ್ತು. ನನ್ನದೇ ಅಂದುಕೊಂಡು ನಿನಗೆ ಹೇಳಿದ್ದೆ."

"ಆದರೂ ಫೈಲು ನೀನೇ ಓದಿದ್ದಲ್ವಾ?"

"ಮುಟ್ಟಲೂ ಇಲ್ಲ." ಅವಳು ಅವನತ್ತ ತಿರುಗಿದಳು. "ನಿನ್ನ ಹೆಸರು ಕಂಡ ದಿನವೇ ಒಳಗೆ ಹೋಗಿ ಹೇಳಿದೆ. ಆ ಫೈಲು ನನಗೆ ಬೇಡ ಮೇಡಂ, ಈ ವಕೀಲರು ನನಗೆ ಬೇಕಾದವರು ಅಂತ. ಹಾಗೆ ಇದ್ದರೆ ಹೇಳಬೇಕು, ಅದು ಅಲ್ಲಿಯ ನಿಯಮ. ಬೇಕಾದವರು ಅಂದರೆ ಏನು ಅಂತ ಕೇಳಿದರು. ಮದುವೆ ಆಗಬೇಕು ಅಂತಿರುವವರು ಅಂದೆ... ನಿನಗೆ ಹೇಳುವ ಮೊದಲು ಅವರಿಗೆ ಹೇಳಿದೆ ಕೌಶಲ್!"

ಒಂದು ಫಾಸ್ಟ್ ರೈಲು ದಿವಾದಲ್ಲಿ ನಿಲ್ಲದೆ ಹೋಯಿತು. ಅದರ ಸದ್ದು ಅಡಗುವವರೆಗೂ ಅವನು ಮುಖ ಮುಚ್ಚಿಕೊಂಡು ನಿಂತಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ತಪ್ಪಾಯ್ತು ನಿಕಿತಾ... ನೀನು ದಿಲ್ಲಿಗೆ ಹೋಗುವ ಸುದ್ದಿ ಕೋರ್ಟಲ್ಲಿ ಕೇಳಿದೆ. ಹೋಗಬೇಡ. ಕಲ್ಯಾಣದಲ್ಲಿ ನಮ್ಮ ಆಫೀಸಿಗೆ ಜಾಗ ನೋಡಿದ್ದೇನೆ."

ಎಷ್ಟು ತಿಂಗಳು ಕಾದಿದ್ದಳು ಈ ಮಾತಿಗೆ! ಆದರೆ ಈಗ ಮನಸ್ಸು ಕುಣಿಯಲಿಲ್ಲ. ನಾಲಿಗೆಯ ಮೇಲೆ ಕಹಿ ಹಾಗೇ ಇತ್ತು.

"ಹೋಗ್ತೇನೆ" ಎಂದಳು. "ಸಿಟ್ಟಿಗಲ್ಲ. ಒಬ್ಬರ ಹತ್ತಿರ ಕೂತು ಅವರ ಹಾಗೆ ಮಾತಾಡಲು ಕಲಿತೆ. ಇನ್ನೊಬ್ಬರನ್ನೂ ಕೇಳಿದರೆ ನನ್ನ ಮಾತು ಯಾವುದು ಅಂತ ತಿಳೀಬಹುದು. ಆಮೇಲೆ ಎದ್ದು ನಿಂತು ವಾದ ಮಾಡ್ತೇನೆ. ಚಂದ್ರಬಾಯಿಯಂಥವರಿಗಾಗಿಯೇ, ಇಂಥ ಕಟ್ಟಡ ಏಳುವ ಮೊದಲೇ."

ಅವನು ನೀಲಿ ಬಣ್ಣದ ಗೋಡೆಯ ಚೂರನ್ನು ನೋಡುತ್ತಿದ್ದ.

"ನನ್ನನ್ನು ಕ್ಷಮಿಸಿದ್ದೀಯಾ?"

"ಇನ್ನೂ ಇಲ್ಲ."

"ಕಾಯ್ತೇನೆ. ಬೋರ್ಡೂ ಕಾಯಲಿ." ಮತ್ತೆ ಕೇಳಿದ, "ಅಲ್ಲಿ... ನನ್ನ ಕೇಸು ಬಂದರೆ?"

"ಸುಪ್ರೀಂ ಕೋರ್ಟಿಗಾ? ಮೊದಲು ಕಲ್ಯಾಣದಲ್ಲಿ ಒಂದು ತಾರೀಖು ಸರಿಯಾಗಿ ತೆಗೆದುಕೋ!"

ಅವನು ನಕ್ಕ, ಕಣ್ಣು ಒರೆಸಿಕೊಳ್ಳುತ್ತ. ಅವಳು ಮೆಲ್ಲಗೆ ಅವನ ತೋಳು ಹಿಡಿದಳು.

"ಬರಲಿ ಬಿಡಲಿ, ಹೋದ ದಿನವೇ ಹೇಳಿಬಿಡ್ತೇನೆ."

"ಏನಂತ?"

"ಕಲ್ಯಾಣದ ಒಬ್ಬ ವಕೀಲರ ಫೈಲು ನನಗೆ ಕೊಡಬೇಡಿ ಅಂತ."