ಕೈ ಬಿತ್ತು

ಮೊದಲು ಸಿಕ್ಕಿದ್ದು ರುಮಾಲು. ಕೆಂಚಪ್ಪ ಆಮೇಲೆ ಸಿಕ್ಕ, ಕಲ್ಲು ತುಂಬಿದ ಎರಡು ರೈಲು ಡಬ್ಬಿಗಳ ನಡುವೆ.

1934ರ ಫೆಬ್ರುವರಿ, ಸೋಮವಾರ, ಮಧ್ಯಾಹ್ನ ಎರಡೂವರೆ. ಗೋಕಾಕದಿಂದ ಎರಡು ಹರದಾರಿ ದೂರದ ಬನದಕಟ್ಟಿ ಜಂಕ್ಷನ್. ಮಿರಜ ಕಡೆಯಿಂದ ಬಂದ ಮಾಲಗಾಡಿ ಎರಡನೇ ಲೈನಿನಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೊರಳಿ ಕಲ್ಲಿನ ಖಣಿಯ ಲೈನಿಗೆ ನುಗ್ಗಿತು. ಅಲ್ಲಿ ಕೆಂಚಪ್ಪ ಡಬ್ಬಿಗಳಿಗೆ ಕೊಂಡಿ ಹಾಕುತ್ತಿದ್ದ.

ಗಾಡಿಗೆ ಹಾದಿ ತಿರುಗಿಸಿ ಕೊಡುವ ಪಾಯಿಂಟ್ಸ್‌ಮನ್ ದುರ್ಗಪ್ಪ. ಸತ್ತವನು ಅವನ ಅಳಿಯ, ಒಬ್ಬಳೇ ಮಗಳು ಗೌರವ್ವನ ಗಂಡ. ಯಾರೂ ಕೇಳುವ ಮೊದಲೇ ದುರ್ಗಪ್ಪ ತಪ್ಪು ಒಪ್ಪಿಕೊಂಡುಬಿಟ್ಟ.

ನಾನು ಬಾಳಪ್ಪ, ಫೌಜದಾರ ಶಿದ್ರಾಮಪ್ಪನವರ ಕಾರಕೂನ. ಹೇಳಿಕೆ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ಚೆಂದ ಅಂತ ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ಆ ಚೆಂದದ ಅಕ್ಷರದಲ್ಲೇ ಒಬ್ಬ ಬಡವನನ್ನು ಜೇಲಿಗೆ ಅಟ್ಟಲು ಹೊರಟಿದ್ದೆ.

ಬುಧವಾರ ಬೆಳಿಗ್ಗೆ ಮುಗಿಸುವ ಕೆಲಸ ಏನೂ ಉಳಿದಿರಲಿಲ್ಲ. ಹನ್ನೆರಡರ ಗಾಡಿಗೆ ದುರ್ಗಪ್ಪನನ್ನು ಬೆಳಗಾವಿಗೆ ಕಳಿಸಿದರೆ ಆಯಿತು. ಸ್ಟೇಶನ್ನಿನ ಬೆಂಚಿನ ಮೇಲೆ ಬೇಡಿ ಹಾಕಿಸಿಕೊಂಡು ಕೂತಿದ್ದ. ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಆಗ ಗೌರವ್ವ ಬಂದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ಸಾಹೇಬ್ರ, ನಿನ್ನೆ ಮಣ್ಣ ಮಾಡುವಾಗ ಇಂವ ಬಂದಿದ್ದ. ಒಂದು ಹಿಡಿ ಮಣ್ಣ ಹಾಕಾಕ ಕೈ ಚಾಚಿದ. ನಾ ಹಾಕಗೊಡಲಿಲ್ಲ."

"ಗೊತ್ತೈತವ್ವ."

"ರಾತ್ರಿಯೆಲ್ಲಾ ನಿದ್ದಿ ಬರಲಿಲ್ರಿ. ನನಗ ಒಂದ ಮಾತು ಬೇಕು. ನನ್ನ ಗಂಡ ಹೋದದ್ದು ಇವನ ಕೈಯಿಂದಾನೋ, ಬ್ಯಾರೆಯವರ ಕೈಯಿಂದಾನೋ?"

ಫೌಜದಾರರು ನನ್ನ ಕಡೆ ತಿರುಗಿದರು.

"ಬಾಳಪ್ಪಾ, ಅವನ ಹೇಳಿಕಿ ಓದು."

ಓದಿದೆ. 'ಊಟ ಮುಗಿಸಿ ಬಂದು, ಗಾಡಿ ಬರುವ ಹೊತ್ತಿಗೆ ಲೀವರ್ ಎಳೆದೆನು. ನನ್ನ ಕೈ ಸೋತು ಬಿತ್ತು. ಕೈ ತಪ್ಪಿತು. ಅಳಿಯ ಸತ್ತನು.'

"ಸೋತು ಬಿತ್ತು ಅಂದನೇನು?"

"ಕೈ ಬಿತ್ತು ಅಂದಾನ್ರಿ. ಓದಾಕ ಸರಿ ಹೋಗಲಿಲ್ಲ, ಸ್ವಲ್ಪ ತಿದ್ದಿದೆ."

"ನಿನ್ನ ತಿದ್ದುಪಡಿಗೆ ಬೆಂಕಿ ಹಚ್ಚ." ಅವರು ಎದ್ದು ದುರ್ಗಪ್ಪನ ಮುಂದೆ ಕೂತರು. "ದುರ್ಗಪ್ಪಾ, ಕೈ ಬಿತ್ತು ಅಂದಿ. ಯಾವ ಕೈ?"

ದುರ್ಗಪ್ಪ ಬೇಡಿಯ ಸಮೇತ ಕೈ ಎತ್ತಿ ಹೊರಗೆ ತೋರಿಸಿದ. ಬಯಲಿನಲ್ಲಿ ಸಿಗ್ನಲ್ ಕಂಬ ನಿಂತಿತ್ತು. ಅದರ ಕೆಂಪು ಕೈ ಅಡ್ಡ ಚಾಚಿತ್ತು.

"ಅದ ಕೈ ರಿ. ಅದು ಬಿದ್ರ ಅಲ್ಲೇನು ಗಾಡಿ ಒಳಗ ಬರೂದು?"

ನನ್ನ ಮುಖಕ್ಕೆ ಯಾರೋ ಬಾರಿಸಿದಂತಾಯಿತು. ಫೌಜದಾರರು ಬೇಡಿ ಬಿಚ್ಚಿಸಿದರು.

"ನಡಿ, ಕ್ಯಾಬಿನ್ನಿಗೆ."

ಕ್ಯಾಬಿನ್ ಎಂದರೆ ಕಲ್ಲಿನ ಅಟ್ಟ. ಅದರೊಳಗೆ ಒಂಬತ್ತು ಲೀವರ್ ಸಾಲಾಗಿ ನಿಂತಿದ್ದವು. ಇವು ಬಂದು ಮೂರೇ ವಾರವಾಗಿತ್ತು. ಸ್ಟೇಶನ್ ಮಾಸ್ತರ್ ಪರಪ್ಪನವರೂ ಓಡಿ ಬಂದರು. ಸೊಂಟದಲ್ಲಿ ಕೀಲಿಗೊಂಚಲು ಸದ್ದು ಮಾಡುತ್ತಿತ್ತು.

"ಇದಕ್ಕಿಂತ ಮೊದಲ ಹೆಂಗಿತ್ತು?" ಫೌಜದಾರರು ದುರ್ಗಪ್ಪನನ್ನು ಕೇಳಿದರು.

"ನಾ ನೌಕರಿಗೆ ಬಂದಾಗ ಎರಡ ಲೈನ್ ರಿ. ಆಮ್ಯಾಲ ಹತ್ತಿ ಗಿರಣಿಗೆ ಒಂದು ಬಂತು, ಖಣಿಗೆ ಒಂದು. ಒಂದೊಂದು ಪಾಯಿಂಟಿಗೂ ಓಡಿಹೋಗಿ ಕೈಲೇ ತಿರುಗಸ್ತಿದ್ದೆ. ಇಪ್ಪತ್ತೆಂಟು ವರ್ಷ ಓಡೇನಿ. ಈಗ ಇಲ್ಲೇ ನಿಂತು ಎಳಿಯೂದು. ಖಣಿ ಲೈನ್ ತಗಿಯೂದು ತಡ ಆಗತೈತಿ ಅಂತ ಮಾಸ್ತರ್ರು ಸಿಟ್ಟಾಗತಾರ."

"ಅದಕ್ಕ ನೋಡ್ರಿ ಸಾಹೇಬ್ರ," ಮಾಸ್ತರ್ ನಡುವೆ ಬಾಯಿ ಹಾಕಿದರು. "ಹಳೇ ರೂಢಿ. ಎರಡನೇ ಲೈನಿಂದು ನಾಲ್ಕನೇ ಲೀವರ್. ಮುದುಕ ಖಣಿಯ ಏಳನೇದು ಎಳದಾನ. ಪಾಪ, ಬೇಕಂತ ಮಾಡಿಲ್ಲ."

"ದುರ್ಗಪ್ಪಾ, ಏಳನೇದು ಎಳದದ್ದು ನಿನಗ ನೆನಪೈತಿ?"

"ನಾಲ್ಕು ಎಳದದ್ದು ನೆನಪೈತ್ರಿ. ಆದ್ರ ಮಾಸ್ತರ್ರು ಕೈ ತಪ್ಪೈತಿ ಅಂದ್ರು. ಅವರು ಓದಿದವರು. ಅಳಿಯನ ಹೆಣ ನೋಡಿದ ಮ್ಯಾಲ ನನ್ನ ನೆನಪಿಗೆ ಏನು ಕಿಮ್ಮತ್ತು?"

"ಇರಲಿ. ಮಾಸ್ತರ್ರು ಹೇಳಿದಂಗ ಮಾಡಿ ತೋರಸು. ಏಳು ಎಳಿ, ಆಮ್ಯಾಲ ಸಿಗ್ನಲ್ ಇಳಿಸು."

ದುರ್ಗಪ್ಪ ಮುಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಲೀವರಿಗೆ ಸುತ್ತಿ ಹಿಡಿದ. ಏಳು ಬಂತು. ಸಿಗ್ನಲ್ಲಿನ ಲೀವರಿಗೆ ಕೈ ಹಾಕಿದ. ಅದು ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಕತ್ತಿನ ನರ ಉಬ್ಬಿ ಬಂದವು. ಅಲುಗಲೂ ಇಲ್ಲ.

"ಬರವಲ್ದ್ರಿ."

"ಯಾಕ?"

"ಒಳಗ ಕಬ್ಬಿಣದ ತಡಿ ಐತ್ರಿ. ಹಾದಿ ತಪ್ಪಿದ್ರ ಕೈ ಬೀಳೂದಿಲ್ಲ ಅಂತ ಕೂಡಿಸಿದ ಮಿಸ್ತ್ರಿ ಹೇಳಿದ್ದ." ಅವನ ದನಿ ಅಲ್ಲೇ ನಿಂತಿತು. ತನ್ನ ಮಾತನ್ನು ತಾನೇ ಈಗ ಕೇಳಿಸಿಕೊಂಡಿದ್ದ.

"ಇವತ್ತು ಬೀಳಲಿಲ್ಲ. ಸೋಮವಾರ ಹೆಂಗ ಬಿತ್ತು?" ಫೌಜದಾರರು ಮಾಸ್ತರ್ ಕಡೆ ನೋಡಿದರು. "ಕೈ ಬಿದ್ದಿತ್ತು ಅಂತ ಡ್ರೈವರನೂ ಹೇಳ್ಯಾನ. ಬೀಳದಿದ್ರ ಗಾಡಿ ಹೊರಗ ನಿಲ್ಲತಿತ್ತು."

"ಯಂತ್ರ ಸಾಹೇಬ್ರ. ಒಮ್ಮೆ ಕೆಡತಾವ, ಒಮ್ಮೆ ಸರಿ ಆಗತಾವ."

"ತಾವಾಗೇ?"

ಫೌಜದಾರರು ನೆಲದ ಮೇಲೆ ಬಗ್ಗಿದರು. ಲೀವರುಗಳ ಬುಡದಲ್ಲಿ, ತಡಿಗಳ ಮೇಲೆ, ಕೀಲಿ ಹಾಕಿದ ಒಂಬತ್ತು ಮುಚ್ಚಳ. ಎಂಟು ಮುಚ್ಚಳಗಳ ಮೇಲೆ ಮೂರು ವಾರದ ಎಣ್ಣೆ, ಧೂಳು ಕೂಡಿ ಅಂಟಾಗಿತ್ತು. ಏಳನೆಯದನ್ನು ಯಾರೋ ಒರೆಸಿದ್ದರು.

"ಈ ಮುಚ್ಚಳದ ಕೀಲಿ ಯಾರ ಹತ್ರ?"

"ಮಿಸ್ತ್ರಿ ಹತ್ರ ಒಂದು. ಅಂವ ಹುಬ್ಬಳ್ಳಿಗೆ ಹೋಗಿ ಮೂರು ವಾರ ಆತ್ರಿ," ಎಂದರು ಮಾಸ್ತರ್.

"ಇನ್ನೊಂದು?"

ಕೀಲಿಗೊಂಚಲಿನ ಸದ್ದು ನಿಂತಿತ್ತು. ಮಾಸ್ತರ್ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

"ಕೀಲಿ ಇದ್ದ ಮಾತ್ರಕ್ಕ ನಾ ಕಳ್ಳ ಆಗತೇನೇನ್ರಿ?"

"ಇಲ್ಲ. ಬಾಳಪ್ಪಾ, ಇಲ್ಲಿ ಬಾ. ಲೀವರಿನ ಹಿಡಿ ನೋಡು, ಒಂದೊಂದಾಗಿ. ಏನು ಕಾಣಸ್ತೈತಿ?"

ನೋಡಿದೆ. ಎಲ್ಲಾ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಏಳನೆಯದರ ಮೇಲೆ ಮಾತ್ರ ಕಂದು ಬಣ್ಣದ ತುಕ್ಕು. ತುಕ್ಕಿಗೆ ಆಕಾರವಿತ್ತು: ನಾಲ್ಕು ಬೆರಳು, ಒಂದು ಅಂಗೈ.

"ದುರ್ಗಪ್ಪಾ, ಬಟ್ಟಿ ಸುತ್ತಿ ಯಾಕ ಹಿಡೀತಿ?"

"ಕೈ ಬೆವರು ತಾಗಿದ್ರ ಜಂಗ್ ಹಿಡೀತೈತ್ರಿ. ಬರೀಗೈಲೇ ಒಂದ ದಿನಾನೂ ಮುಟ್ಟಿಲ್ಲ."

ಫೌಜದಾರರು ಗೌರವ್ವನ ಕಡೆ ತಿರುಗಿದರು. ಅವಳು ಮೆಟ್ಟಿಲ ಮೇಲೆ ನಿಂತು ಎಲ್ಲಾ ಕೇಳುತ್ತಿದ್ದಳು.

"ಕೇಳವ್ವ ತಂಗಿ. ಹೊಸ ಲೀವರಿನಾಗ ಒಂದು ತ್ರಾಸ ಐತಿ. ಖಣಿ ಲೈನ್ ತಗೀಬೇಕಂದ್ರ ಬಾಕಿ ಎಲ್ಲಾ ಮುಚ್ಚಬೇಕು. ತಡ ಆಗತೈತಿ. ಮಾಸ್ತರ್ರಿಗೆ ಖಣಿಯ ಡಬ್ಬಿ ಲಗೂನ ಹೊರಗ ಹೋಗಬೇಕಿತ್ತು. ಅದಕ್ಕ ಏಳರ ತಡಿ ಕಿತ್ತರು. ಸೋಮವಾರ ನಿಮ್ಮಪ್ಪ ಊಟಕ್ಕ ಹೋದಾಗ ಬರೀಗೈಲೇ ಏಳು ಎಳದು ಡಬ್ಬಿ ಸರಿಸಿದರು. ತಿರುಗಿ ಹಾಕೂದು ಮರತರು. ನಿಮ್ಮಪ್ಪ ಬಂದು ನಾಲ್ಕು ಎಳದ, ಸಿಗ್ನಲ್ ಎಳದ. ತಡಿ ಇದ್ದಿದ್ರ ಅದು ಬರತಿದ್ದಿಲ್ಲ, ಗಾಡಿನೂ ಬರತಿದ್ದಿಲ್ಲ. ತಡಿ ಇರಲಿಲ್ಲ. ಕೈ ಬಿತ್ತು. ಹೆಣ ಎತ್ತೂ ಗದ್ದಲದಾಗ ಮಾಸ್ತರ್ರು ಏಳು ಹಿಂದಕ್ಕ ಹಾಕಿ, ತಡಿ ಕೂಡಿಸಿ, ಮುಚ್ಚಳ ಒರಸಿದರು. ಹಿಡಿ ಒರಸೂದು ಮರತರು."

"ಎಲ್ಲಾ ಸ್ಟೇಶನ್ನಿನಾಗೂ ಇಂಥಾದು ನಡೀತೈತ್ರಿ," ಎಂದರು ಮಾಸ್ತರ್. "ಹಿಂಗಾಗತೈತಿ ಅಂತ ಯಾರಿಗೆ ಗೊತ್ತಿತ್ತು?"

"ಮರತದ್ದು ತಪ್ಪು, ಪರಪ್ಪನವರ. ಆದ್ರ ಅಳಿಯನ ಕಳಕೊಂಡವನ ಮುಂದ ಕೂತು, ನೀನ ಕೊಂದಿ ಅಂತ ನಂಬಿಸಿದ್ರಲ್ಲ, ಅದು ಮರತದ್ದಲ್ಲ."

ಬೇಡಿ ಕೈ ಬದಲಾಯಿಸಿತು. ನಾನು ಹಳೆಯ ಹೇಳಿಕೆಯ ಮೇಲೆ ಗೀರು ಎಳೆದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊಸ ಹಾಳೆಯಲ್ಲಿ ದುರ್ಗಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಹೆಬ್ಬೆಟ್ಟು ಒತ್ತುವಾಗ ಅವನು ಕೇಳಿದ:

"ಏಳನೇದು ಮೊದಲ ಎಳದಿತ್ತೋ ಇಲ್ಲೋ, ನಾ ಒಮ್ಮೆ ನೋಡಬೇಕಾಗಿತ್ತಲ್ರಿ?"

ಫೌಜದಾರರು "ನೋಡಬೇಕಾಗಿತ್ತು," ಅಂದರು. "ಮನಷ್ಯಾ ಒಮ್ಮೊಮ್ಮೆ ನೋಡೂದಿಲ್ಲಂತನ ತಡಿ ಹಾಕಿದ್ದು."

ದುರ್ಗಪ್ಪ ಕೆಳಗಿಳಿಯಲಿಲ್ಲ. ಲೀವರುಗಳ ಮುಂದೆಯೇ ಕುಸಿದು ಕೂತ. ಮೂರು ದಿನದ ಅಳು ಆಗ ಬಂತು. ಗೌರವ್ವ ಬಹಳ ಹೊತ್ತು ಮೆಟ್ಟಿಲ ಮೇಲೆಯೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಅವನ ಮುಂಗೈ ಹಿಡಿದಳು.

"ಏಳು ಯಪ್ಪಾ," ಅಂದಳು. "ಮಣ್ಣ ಇನ್ನೂ ಹಸಿ ಐತಿ. ನಿಂದೊಂದು ಹಿಡಿ ಬಾಕಿ ಐತಿ."