ಮೊದಲ ಮಿಡಿತ

ವಿಲ್ನಿಯಸ್‌ನ ಆ ವಿಶ್ವವಿದ್ಯಾಲಯದ ಖರೀದಿ ಸಭೆಯಲ್ಲಿ ಎದ್ದ ನಗು ಉಪಡೀನ್ ವೈದೋತಸ್‌ನ ಕಿವಿ ಬಿಟ್ಟು ಹೋಗಲೇ ಇಲ್ಲ. ಮಿಡಿತ ಮಿಡಿತವಾಗಿ ಬೆಳಕು ಚಿಮ್ಮುವ ಲೇಸರ್ ಯಂತ್ರ ದುಬಾರಿ, ಆ ಹಣ ಹೊಸ ಕಟ್ಟಡಕ್ಕಿರಲಿ ಎಂದಿದ್ದ, ಅಷ್ಟೆ. ಪ್ರೊಫೆಸರ್ ದಾಂಗುವೊಲೆ ಕನ್ನಡಕ ಒರೆಸಿಕೊಳ್ಳುತ್ತ, "ನಿಮಗೆ ಕುರ್ಚಿ ಎಣಿಸೋದು ಗೊತ್ತು, ಎಣಿಸ್ತಾ ಇರಿ. ಬೆಳಕಿನ ವಿಷಯ ನಮಗೆ ಬಿಡಿ," ಎಂದಿದ್ದಳು. ಲೇಸರ್ ಬಂತು. ಮುಂದಿನ ಡೀನ್ ಅವಳೇ ಎಂಬ ಮಾತೂ ಜೊತೆಗೇ ಬಂತು.

ಯಂತ್ರ ಕೂರಿಸಲು ಬಂದ ಎಂಜಿನಿಯರ್ ಮಾಂತಸ್ ಬಾಯಿಬಡುಕ. ನೋಡಲು ಹೋದ ವೈದೋತಸ್‌ಗೆ ಒಳಗಿನ ಪುಟ್ಟ ಕನ್ನಡಿಯೊಂದನ್ನು ತೋರಿಸಿ ಹೇಳಿದ: "ಕೈ ಹಿಂದಿಟ್ಕೊಳ್ಳಿ ಸಾಹೇಬ್ರೇ. ಬೆರಳಿನ ಜಿಡ್ಡು ತಾಗಿದ್ರೂ ಸಾಕು, ಮೊದಲ ಮಿಡಿತಕ್ಕೇ ಇದು ಸುಡುತ್ತೆ. ಆಮೇಲೆ ಯಂತ್ರದ ಕರುಳೇ ಹೋದ ಹಾಗೆ."

"ಅಷ್ಟು ನಾಜೂಕೇ?"

"ನಮ್ಮತ್ತೆಗಿಂತ ನಾಜೂಕು."

ವೈದೋತಸ್ ಮನಸಾರೆ ನಕ್ಕ.

ಉದ್ಘಾಟನೆಯ ಹಿಂದಿನ ದಿನ ಎಲ್ಲರೂ ಕ್ಯಾಂಟೀನಿನಲ್ಲಿ ತಣ್ಣನೆಯ ಬೀಟ್‌ರೂಟ್ ಸಾರು ಕುಡಿಯುತ್ತಿದ್ದಾಗ ಅವನು ತನ್ನ ಕೀಲಿಯಿಂದಲೇ ಪ್ರಯೋಗಶಾಲೆ ಹೊಕ್ಕ. ಬಾಗಿಲು, ಮುಚ್ಚಳ ಎಲ್ಲವನ್ನೂ ಕೈಗವಸಿನಲ್ಲೇ ತೆರೆದ. ಒಂದೇ ಒಂದು ಕ್ಷಣ ಬಲಗೈ ಬರಿದು ಮಾಡಿ, ಹೆಬ್ಬೆರಳನ್ನು ಮೂಗಿನ ಬದಿಗೆ ಉಜ್ಜಿ ಕನ್ನಡಿಗೆ ಮೆಲ್ಲನೆ ಒತ್ತಿದ. ಆಯುಧವಿಲ್ಲ, ವಿಷವಿಲ್ಲ. ಮೆತ್ತಿದ ಜಿಡ್ಡನ್ನು ನಾಳೆ ಅವಳ ಲೇಸರೇ ಸುಟ್ಟು ಹೊಗೆ ಮಾಡುತ್ತದೆ. ಸಾಕ್ಷಿಗೆ ಕೊಳ್ಳಿ ಇಡುವುದು ಅವಳ ಕೈಯೇ. ಕೆಳಗಿಳಿದು ಬಂದು ಎರಡು ಬಟ್ಟಲು ಸಾರು ಕುಡಿದ.

ಮರುದಿನ ಅತಿಥಿಗಳೆದುರು ದಾಂಗುವೊಲೆ ಗುಂಡಿ ಒತ್ತಿದಳು. ಟಪ್ ಎಂದಿತು. ಸುಟ್ಟ ವಾಸನೆ ಬಂತು, ಯಂತ್ರ ಮೂಕವಾಯಿತು.

"ಕನ್ನಡಿ ಸ್ವಚ್ಛ ಮಾಡದೇ ಹಚ್ಚಿದಿರಾ?" ಡೀನ್ ಕೇಳಿದರು. ಅವಳು ಯಂತ್ರದ ಮುಚ್ಚಳ ತೆರೆದಳು. ಮುಖ ಸುಣ್ಣವಾಗಿತ್ತು.

"ಹೋಗ್ಲಿ ಬಿಡಿ ಪ್ರೊಫೆಸರ್," ವೈದೋತಸ್ ಅವಳ ಭುಜ ತಟ್ಟಿದ. "ಎಲ್ಲರ ಕೈಯಲ್ಲೂ ತಪ್ಪಾಗುತ್ತೆ."

ಅವಳು ಚಿಮಟದಿಂದ ಕನ್ನಡಿ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. "ಗಾಜು ಹೇಗೆ ಸುಡುತ್ತೆ ಅಂತ ನೋಡೋಕೇ ತಾನೆ ಈ ಲೇಸರ್ ತರಿಸಿದ್ದು," ಎಂದಳು, ಯಾರಿಗೂ ಅಲ್ಲದಂತೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದ ಗೋಡೆಯ ಪರದೆ ಬೆಳಗಿತು. ಜಿಡ್ಡು ಸುಟ್ಟುಹೋಗುತ್ತದೆಂಬ ವೈದೋತಸ್‌ನ ಲೆಕ್ಕ ತಪ್ಪಿರಲಿಲ್ಲ. ಒಂದು ಹನಿಯೂ ಉಳಿದಿರಲಿಲ್ಲ. ಆದರೆ ಜಿಡ್ಡು ಕೂತಿದ್ದಲ್ಲೆಲ್ಲ ಗಾಜೂ ಸುಟ್ಟಿತ್ತು. ಇನ್ನು ಯಾವ ಬಟ್ಟೆಯಿಂದಲೂ ಒರೆಸಲಾಗದ ಹಾಗೆ, ಸುಳಿಯೊಳಗೆ ಸುಳಿಯಾಗಿ, ಗೆರೆಗೆ ಗೆರೆ, ಒಂದು ಹೆಬ್ಬೆರಳು ಗೋಡೆಯಷ್ಟೆತ್ತರಕ್ಕೆ ಮೂಡಿತ್ತು.